ಅಮೆರಿಕದಲ್ಲಿ ಭಾರತೀಯ ವಲಸಿಗರ ಸ್ವಂತ ಉದ್ಯಮ ಮತ್ತು ವೀಸಾ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಂಪನಿ ನೋಂದಾಯಿಸಲು ಅಲ್ಲಿನ ಪೌರತ್ವವಾಗಲಿ ಉದ್ಯೋಗ ವೀಸಾ ಆಗಲಿ ಅಗತ್ಯವಿಲ್ಲ. ಆದರೆ ಆ ದೇಶದಲ್ಲಿ ನೆಲೆಸಿ ಅದೇ ಕಂಪನಿಗಾಗಿ ದುಡಿಯಲು ಕೆಲಸದ ಅನುಮತಿ ಬೇಕು. ನವೋದ್ಯಮ ಸ್ಥಾಪಕರಿಗೆಂದೇ ಮೀಸಲಾದ ವೀಸಾ ಅಲ್ಲಿಲ್ಲದ ಕಾರಣ, ಬೇರೆ ಉದ್ದೇಶಗಳಿಗೆ ರೂಪಿತವಾದ ವೀಸಾಗಳನ್ನೇ ಭಾರತೀಯರು ಬಳಸಿಕೊಳ್ಳುತ್ತಾರೆ.

ಮಾಲೀಕತ್ವ ಮತ್ತು ದುಡಿಮೆ

ಈ ವ್ಯತ್ಯಾಸವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಬೆಳಗಾವಿಯ ವಡಗಾವಿಯ ನೇಕಾರ ಕುಟುಂಬದ ಯುವಕನೊಬ್ಬ ಎಚ್-1ಬಿ ವೀಸಾದಲ್ಲಿ ಅಮೆರಿಕದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ ಎಂದುಕೊಳ್ಳೋಣ. ಮನೆಯ ಮಗ್ಗದ ಸೀರೆಗಳನ್ನು ಅಲ್ಲಿ ಮಾರುವ ಕಂಪನಿಯ ಷೇರುಗಳನ್ನು ಅವನು ಹೊಂದಬಹುದು, ಲಾಭಾಂಶವನ್ನೂ ಪಡೆಯಬಹುದು. ಸೀರೆಗಳನ್ನು ತಾನೇ ಮಾರಲು, ಗ್ರಾಹಕರಿಗೆ ಕಳುಹಿಸಲು ತೊಡಗಿದರೆ ಅದು ಅನಧಿಕೃತ ಉದ್ಯೋಗವಾಗುತ್ತದೆ. ಸಂಬಳ ಪಡೆಯಲಿಲ್ಲ ಎಂಬುದು ಸಾಮಾನ್ಯವಾಗಿ ರಕ್ಷಣೆಯಾಗದು. ಎಚ್-4 ವೀಸಾದ ಪತ್ನಿಗೆ ಕೆಲಸದ ಅನುಮತಿ ಪತ್ರವಿದ್ದರೆ ಆಕೆ ಇದೇ ವ್ಯಾಪಾರವನ್ನು ನಡೆಸಬಹುದು. 2015ರಿಂದ ನೀಡಲಾಗುತ್ತಿರುವ ಈ ಪತ್ರವು ಮುಖ್ಯವಾಗಿ ಪತಿ ಅಥವಾ ಪತ್ನಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿಗದಿತ ಹಂತ ತಲುಪಿದವರಿಗೆ ಮಾತ್ರ ದೊರೆಯುತ್ತದೆ.

ಎಚ್-1ಬಿ

ಈ ವೀಸಾದ ವಾರ್ಷಿಕ ಮಿತಿ 65,000. ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿ ಸಲ್ಲಿಸುವವನು ಉದ್ಯೋಗದಾತ. ಹಾಗಾಗಿ ತನ್ನ ಕಂಪನಿಗೆ ತಾನೇ ನೌಕರನಾಗಬಹುದೇ ಎಂಬ ಪ್ರಶ್ನೆ ಬಹುಕಾಲ ಗೊಂದಲದಲ್ಲಿತ್ತು. 2025ರ ಜನವರಿ 17ರಂದು ಜಾರಿಗೆ ಬಂದ ನಿಯಮವು ಇದಕ್ಕೆ ಸ್ಪಷ್ಟ ಅವಕಾಶ ನೀಡಿತು: ಕಂಪನಿಯ ನಿಯಂತ್ರಣ ಹೊಂದಿರುವ ಸ್ಥಾಪಕನಿಗೂ ಅದೇ ಕಂಪನಿ ಅರ್ಜಿ ಸಲ್ಲಿಸಬಹುದು. ಆತನ ಹೆಚ್ಚಿನ ಸಮಯ ಪರಿಣತಿಯ ಕೆಲಸಕ್ಕೆ ವಿನಿಯೋಗವಾಗಬೇಕು. ಮೊದಲ ಅನುಮೋದನೆ ಮತ್ತು ಮೊದಲ ವಿಸ್ತರಣೆ ತಲಾ 18 ತಿಂಗಳಿಗೆ ಸೀಮಿತ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ದೇಶದ ಹೊರಗಿರುವವರ ಪರವಾದ ಹೊಸ ಅರ್ಜಿಗಳಿಗೆ 1,00,000 ಡಾಲರ್ ಪಾವತಿಯ ಷರತ್ತು ಬಂದಿತು. ಎಳೆಯ ಕಂಪನಿಗಳಿಗೆ ಈ ಮೊತ್ತ ಭರಿಸಲಾಗದ್ದು.

ಹೂಡಿಕೆಯ ದಾರಿಗಳು

ಸಣ್ಣ ಅಂಗಡಿ, ಹೋಟೆಲು ತೆರೆಯುವವರಿಗೆ ಅತ್ಯಂತ ಅನುಕೂಲಕರವಾದ ಇ-2 ವೀಸಾ ಭಾರತೀಯ ಪೌರರಿಗೆ ಲಭ್ಯವಿಲ್ಲ. ಅದಕ್ಕೆ ಬೇಕಾದ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಗ್ರೆನಡಾದಂತಹ ಒಪ್ಪಂದದ ದೇಶದ ಪೌರತ್ವವನ್ನು ಹೂಡಿಕೆಯಿಂದ ಪಡೆಯುವ ಮಾರ್ಗವನ್ನು ಕೆಲವು ದಲ್ಲಾಳಿಗಳು ಸೂಚಿಸುವುದುಂಟು. ಹಾಗೆ ಮಾಡಿದವರು ಭಾರತದ ಪೌರತ್ವ ಕಳೆದುಕೊಳ್ಳುತ್ತಾರೆ. ಅಲ್ಲದೆ, 2022ರ ಡಿಸೆಂಬರ್‌ನ ಅಮೆರಿಕದ ಕಾಯ್ದೆಯ ಪ್ರಕಾರ ಅಂಥವರು ಆ ದೇಶದಲ್ಲಿ ಮೂರು ವರ್ಷ ನಿರಂತರವಾಗಿ ನೆಲೆಸಿರಬೇಕು.

ಇಬಿ-5 ಗ್ರೀನ್ ಕಾರ್ಡ್‌ಗೆ 10,50,000 ಡಾಲರ್, ಗ್ರಾಮೀಣ ಅಥವಾ ಹೆಚ್ಚು ನಿರುದ್ಯೋಗವಿರುವ ಪ್ರದೇಶಗಳಲ್ಲಿ 8,00,000 ಡಾಲರ್ ಹೂಡಿ, ಕನಿಷ್ಠ 10 ಉದ್ಯೋಗ ಸೃಷ್ಟಿಸಬೇಕು.

ಶಾಖಾ ಕಚೇರಿ

ಊರಿನಲ್ಲಿ ಈಗಾಗಲೇ ಉದ್ಯಮವಿರುವವರಿಗೆ ಎಲ್-1ಎ ಹೆಚ್ಚು ಸೂಕ್ತ. ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯೊಂದು ಅಮೆರಿಕದಲ್ಲಿ ಶಾಖೆ ತೆರೆದು, ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ನಿರಂತರವಾಗಿ ತನ್ನಲ್ಲಿ ದುಡಿದ ವ್ಯವಸ್ಥಾಪಕನನ್ನು ಕಳುಹಿಸಬಹುದು. ಹೊಸ ಕಚೇರಿಗೆ ಮೊದಲು ಒಂದೇ ವರ್ಷದ ಅನುಮತಿ ಸಿಗುತ್ತದೆ. ವಿಸ್ತರಣೆಯ ವೇಳೆಗೆ ಆತ ಕೇವಲ ಮಾರಾಟಗಾರನಾಗಿ ಉಳಿಯದೆ ನಿಜಕ್ಕೂ ಆಡಳಿತ ನಡೆಸುತ್ತಿರಬೇಕು. ಭಾರತದ ಉದ್ಯಮವೂ ನಡೆಯುತ್ತಿರಬೇಕು.

ಉದ್ಯಮ ವಿರುದ್ಧ ದಿಕ್ಕಿನಲ್ಲಿ ಸಾಗಿದ್ದೂ ಇದೆ. ಅಜಿತ್ ಪ್ರಭು ಮತ್ತು ಅರವಿಂದ ಮೆಳ್ಳಿಗೇರಿ 1997ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ಕ್ವೆಸ್ಟ್ ಕಂಪನಿಯ ಮುಂದುವರಿಕೆಯಾಗಿ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯ ತಲೆಯೆತ್ತಿತು.