ಚಕ್ಕಡಿಯ ಬಡಿಗೇರನೂ ಮೋಟಾರಿನ ರೂಪವೂ

ವಾಹನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರದ ಚರಿತ್ರೆಯನ್ನೇ ಬರೆಯುವರು. ಯಾವ ವರ್ಷದಲ್ಲಿ ಯಾವ ಎಂಜಿನು ಹೊರಟಿತು, ಅದರ ವೇಗವೆಷ್ಟು, ಬೆಲೆಯೆಷ್ಟು ಎಂಬುದೇ ಅವರಿಗೆ ಮುಖ್ಯ. ಆದರೆ ವಾಹನಕ್ಕೆ ಯಂತ್ರವಲ್ಲದೆ ಮೈಯೂ ಉಂಟು, ಮೈಗೆ ರೂಪವುಂಟು, ಆ ರೂಪವನ್ನು ಕೊಟ್ಟವರು ಯಾರು, ಯಾರಿಗಾಗಿ ಕೊಟ್ಟರು ಎಂಬ ಪ್ರಶ್ನೆಯೂ ಉಂಟು. ಈ ಪ್ರಶ್ನೆಯನ್ನು ಹಿಡಿದು ನೋಡಿದರೆ, ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಕಥೆಯೂ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಚಕ್ಕಡಿಯ ಕಥೆಯೂ ಒಂದೇ ಬಗೆಯ ಮೂಲದಿಂದ ಹೊರಟು ಬೇರೆ ಬೇರೆ ದಾರಿ ಹಿಡಿದುವೆಂಬುದು ವ್ಯಕ್ತವಾಗುತ್ತದೆ. ಆ ಮೂಲವೆಂದರೆ ಬಡಗಿಯ ಕೊಟ್ಟಿಗೆ.

ಈ ನಾಲ್ಕು ತಾಲೂಕುಗಳ ನೆಲವು ಬಹುಮಟ್ಟಿಗೆ ಎರೆಯ ನೆಲ. ಡೋಣಿಯ ಬಯಲಿನ ಜೋಳದ ಸಮೃದ್ಧಿ ಅಲ್ಲಿಯ ಗಾದೆಗಳಲ್ಲಿಯೇ ನಿಂತಿದೆ. ಆದರೆ ಬೆಳೆಯನ್ನು ಕೊಡುವ ಆ ಮಣ್ಣೇ ಮಳೆಗಾಲದಲ್ಲಿ ಗಾಲಿಯನ್ನು ಕಚ್ಚಿ ಹಿಡಿಯುವುದು, ಬೇಸಗೆಯಲ್ಲಿ ಬಿರಿದು ದಾರಿಯನ್ನು ಒಡೆಯುವುದು. ಆದಕಾರಣ ಅಲ್ಲಿಯ ಚಕ್ಕಡಿಗೆ ಗಟ್ಟಿಯಾದ ಎತ್ತರದ ಗಾಲಿಗಳು ಅವಶ್ಯವಾದುವು. ನಡುವಣ ಗುಂಬ, ಅದರಲ್ಲಿ ನೆಟ್ಟ ಅರೆಗಳು, ಅರೆಗಳ ತುದಿಯನ್ನು ಕೂಡಿಸುವ ವಟ್ಟೆ ಇವನ್ನು ಬಡಿಗೇರನು ಕೆತ್ತಿ ಜೋಡಿಸುವನು. ಕಂಬಾರನು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ಗಾಲಿಗೆ ತೊಡಿಸಿ ನೀರೆರೆಯುವನು. ಹಳಿ ತಣ್ಣಗಾಗಿ ಕುಗ್ಗಿದಂತೆ ಮರದ ತುಂಡುಗಳೆಲ್ಲವೂ ಒಂದಾಗಿ ಬಿಗಿಯುವುವು. ಇವರಿಬ್ಬರೂ ಆಯಗಾರರ ಪಂಕ್ತಿಗೆ ಸೇರಿದವರು. ಮಾಡಿಸಿಕೊಳ್ಳುವ ಒಕ್ಕಲಿಗನೂ ಮಾಡಿಕೊಡುವ ಬಡಿಗೇರನೂ ಒಂದೇ ಊರಿನವರು. ಗಾಲಿ ಸರಿಯಾಗದಿದ್ದರೆ ಮರುದಿನವೇ ಎದುರು ನಿಂತು ಕೇಳಬಹುದಾಗಿದ್ದಿತು. ರೂಪವು ನೆಲಕ್ಕೂ ಬಳಸುವವನಿಗೂ ಉತ್ತರ ಹೇಳಬೇಕಾಗಿದ್ದ ಕಾಲವದು.

ಅಮೆರಿಕದಲ್ಲಿಯೂ ಮೊದಲಿನ ಸ್ಥಿತಿ ಇದಕ್ಕೆ ಬಹಳ ಭಿನ್ನವಾಗಿರಲಿಲ್ಲ. 1908ರಲ್ಲಿ ಜನರಲ್ ಮೋಟರ್ಸನ್ನು ಸ್ಥಾಪಿಸಿದ ವಿಲಿಯಂ ಡ್ಯೂರಂಟನು ಅದಕ್ಕೆ ಮುನ್ನ ಫ್ಲಿಂಟ್ ಪಟ್ಟಣದಲ್ಲಿ ಕುದುರೆಗಾಡಿಗಳನ್ನು ಮಾಡಿಸಿ ಮಾರುತ್ತಿದ್ದವನು. ಆ ಕಂಪನಿಗೆ ಕಾರಿನ ಮೈಗಳನ್ನು ಕಟ್ಟಿಕೊಟ್ಟ ಫಿಷರ್ ಸಹೋದರರು ಗಾಡಿಕೆಲಸದ ಮನೆತನದವರು. ಮುಂದೆ ಅದರ ರೂಪಶಿಲ್ಪಕ್ಕೆ ಅಧಿಪತಿಯಾದ ಹಾರ್ಲಿ ಅರ್ಲನ ತಂದೆಯೂ ಲಾಸ್ ಏಂಜಲೀಸಿನಲ್ಲಿ ಗಾಡಿಗಳನ್ನು ಕಟ್ಟುತ್ತಿದ್ದು ಬಳಿಕ ಕಾರಿನ ಮೈಗೆ ಕೈಹಾಕಿದವನು. ಹೀಗೆ ಅಲ್ಲಿಯ ಗಾಡಿಯ ಬಡಗಿಗೆ ಮೋಟಾರಿನ ಕಾರ್ಖಾನೆಯೊಳಗೆ ಪ್ರವೇಶ ದೊರೆಯಿತು.

ಆದರೆ ಆರಂಭದಲ್ಲಿ ರೂಪಕ್ಕೆ ಅಲ್ಲಿ ಮನ್ನಣೆ ಹೆಚ್ಚಾಗಿರಲಿಲ್ಲ. ಹೆನ್ರಿ ಫೋರ್ಡನ ‘ಟಿ’ ಮಾದರಿಯ ಕಾರು 1908ರಿಂದ 1927ರ ವರೆಗೆ ಒಂದೂವರೆ ಕೋಟಿಗೂ ಮಿಗಿಲಾಗಿ ತಯಾರಾಯಿತು. 1914ರಿಂದ 1925ರ ವರೆಗೆ ಅದಕ್ಕೆ ಕಪ್ಪು ಬಣ್ಣವೊಂದೇ. ಅಗ್ಗವಾಗಿ, ಬಲವಾಗಿ, ಎಲ್ಲರಿಗೂ ಒಂದೇ ಬಗೆಯಾಗಿ ಇರಬೇಕೆಂಬುದು ಫೋರ್ಡನ ಮತ. 1923ರಲ್ಲಿ ಜನರಲ್ ಮೋಟರ್ಸಿನ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನನು ಬೇರೆ ದಾರಿಯನ್ನು ಕಂಡನು. ಕಾರಿಲ್ಲದವರಿಗೆ ಕಾರು ಮಾರುವ ಕಾಲ ಮುಗಿಯುತ್ತ ಬಂದಿತ್ತು. ಇನ್ನು ಕಾರಿದ್ದವರಿಗೇ ಮತ್ತೊಂದನ್ನು ಮಾರಬೇಕಾಗಿತ್ತು. ಹಳೆಯ ಕಾರು ಕೆಟ್ಟಿಲ್ಲದಿದ್ದರೂ ಹಳೆಯದೆಂದು ತೋರಬೇಕು. ಬೇಗನೆ ಒಣಗುವ ಡ್ಯೂಕೋ ಬಣ್ಣವು ಅದೇ ಕಾಲದಲ್ಲಿ ಬಳಕೆಗೆ ಬಂದು, ಬಗೆಬಗೆಯ ವರ್ಣಗಳನ್ನು ಸುಲಭಗೊಳಿಸಿ, ಈ ಉದ್ದೇಶಕ್ಕೆ ನೆರವಾಯಿತು.

1927ರಲ್ಲಿ ಹೊರಟ ಲಾ ಸಾಲ್ ಎಂಬ ಕಾರಿಗೆ ರೂಪ ಕೊಟ್ಟವನು ಹಾರ್ಲಿ ಅರ್ಲ್. ಅದರ ಯಶಸ್ಸನ್ನು ಕಂಡು ಕಂಪನಿಯು ಅದೇ ವರ್ಷ ‘ಕಲೆ ಮತ್ತು ಬಣ್ಣ’ಗಳ ಶಾಖೆಯನ್ನು ತೆರೆದು ಅವನ ಕೈಗೆ ಒಪ್ಪಿಸಿತು, 1937ರಲ್ಲಿ ಆ ಶಾಖೆಯ ಹೆಸರು ಬದಲಾಗಿ ಅದರ ಅಧಿಕಾರವೂ ಹೆಚ್ಚಿತು. ಅರ್ಲನು ಕಾರಿನ ಪೂರ್ಣ ಗಾತ್ರವನ್ನು ಜೇಡಿಮಣ್ಣಿನಲ್ಲಿ ತಿದ್ದಿಸಿ ನೋಡುವ ಪದ್ಧತಿಯನ್ನು ರೂಢಿಗೆ ತಂದನು. ಮರದಲ್ಲಿ ನೇರ ಗೆರೆಗಳೇ ಸುಲಭ. ಮಣ್ಣಿನಲ್ಲಿ ಬಾಗೂ ಉಬ್ಬೂ ಬೆರಳಿಗೆ ತಾವಾಗಿ ಒದಗುವುವು. ಕಾರನ್ನು ಉದ್ದವಾಗಿಯೂ ತಗ್ಗಾಗಿಯೂ ಕಾಣಿಸುವುದು ಅವನ ಜೀವಮಾನದ ಗುರಿಯಾಗಿತ್ತು. 1938ರಲ್ಲಿ ಅವನು ಮಾಡಿಸಿದ ಬ್ಯೂಯಿಕ್ ‘ವೈ-ಜಾಬ್’ ಮಾರಾಟಕ್ಕಲ್ಲದೆ ಮುಂಬರುವ ರೂಪಗಳ ಪ್ರಯೋಗಕ್ಕಾಗಿಯೇ ಹುಟ್ಟಿದ ಕಾರು. ಯುದ್ಧವಿಮಾನವೊಂದರ ಬಾಲವನ್ನು ಕಂಡು 1948ರ ಕ್ಯಾಡಿಲಾಕಿನ ಹಿಂಬದಿಗೆ ಚಿಕ್ಕ ರೆಕ್ಕೆಗಳನ್ನು ಇಡಿಸಿದರು. 1959ರ ಹೊತ್ತಿಗೆ ಆ ರೆಕ್ಕೆಗಳು ಯಾವ ಪ್ರಯೋಜನವೂ ಇಲ್ಲದೆ ಅತ್ಯುನ್ನತವಾಗಿ ಬೆಳೆದು ನಿಂತುವು. ಬಳಸುವವನ ಅಗತ್ಯಕ್ಕೆ ಉತ್ತರ ಹೇಳುತ್ತಿದ್ದ ರೂಪವು ಮಾರುವವನ ಅಗತ್ಯಕ್ಕೆ ಉತ್ತರ ಹೇಳತೊಡಗಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ರೂಪಗಳು ಕನ್ನಡ ನಾಡಿಗೆ ಬಂದ ಬಗೆಯು ವಿಚಾರಾರ್ಹವಾಗಿದೆ. ವಿಜಾಪುರ ಜಿಲ್ಲೆಯು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆ ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟರ್ಸ್ 1928ರಲ್ಲಿ, ಎಂದರೆ ಅರ್ಲನ ಶಾಖೆ ಹುಟ್ಟಿದ ಮರುವರ್ಷವೇ, ಕಾರು ಲಾರಿಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆಯಿತು. ಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಬಂದಿಳಿಯುತ್ತಿದ್ದುವು. ಕೂಡಿಸುವ ಕೆಲಸ ಮಾತ್ರ ಇಲ್ಲಿಯದು. ಇತ್ತ ಗದಗ-ಹೋಟಗಿ ರೈಲುದಾರಿ 1880ರ ದಶಕದಲ್ಲಿಯೇ ಬಂದಿದ್ದರೂ ಅದು ಸಿಂದಗಿ ಮುದ್ದೇಬಿಹಾಳಗಳನ್ನು ಮುಟ್ಟಲಿಲ್ಲ; ಇಂಡಿಯ ನಿಲ್ದಾಣಕ್ಕೆ ‘ಇಂಡಿ ರೋಡ್’ ಎಂಬ ಹೆಸರಿರುವುದೇ ಊರು ಅಲ್ಲಿಂದ ದೂರವೆಂಬುದನ್ನು ಸಾರುತ್ತದೆ. ಇಂತಹ ಊರುಗಳಿಗೆ ಚಕ್ಕಡಿಯ ಬಳಿಕ ಮೋಟಾರೇ ಗತಿ.

ಆ ಕಾಲದ ಬಸ್ಸಿನ ರಚನೆಯಲ್ಲಿ ಒಂದು ವಿಶೇಷವುಂಟು. ಕಂಪನಿಯಿಂದ ಬರುತ್ತಿದ್ದುದು ಎಂಜಿನು, ಮುಂಬದಿಯ ಮೂತಿ, ಗಾಲಿಗಳು ಮತ್ತು ಚಾಸಿಯೆಂಬ ಉಕ್ಕಿನ ಚೌಕಟ್ಟು. ಜನರು ಕೂಡುವ ಮೈಯನ್ನು ಈ ದೇಶದ ಬಡಗಿಗಳೇ ಮರದಲ್ಲಿ ಕಟ್ಟುತ್ತಿದ್ದರು. ಆದುದರಿಂದ ಬಸ್ಸಿನ ಮುಖವು ಡೆಟ್ರಾಯಿಟಿನದು, ಮೈ ಈ ನೆಲದ್ದು. ಮುಖವು ವರ್ಷವರ್ಷಕ್ಕೂ ಅಲ್ಲಿಯ ಮಾರಾಟಗಾರರ ಇಚ್ಛೆಯಂತೆ ಬದಲಾಯಿತು. ಮೈಯು ಕಾಳಿನ ಚೀಲ, ಹಾಸಿಗೆಯ ಗಂಟು, ಸಂತೆಯ ಬುಟ್ಟಿಗಳ ಭಾರವನ್ನು ತಾಳುವಂತೆ, ಮೇಲೆ ಸರಕು ಹೇರುವಂತೆ ರೂಪುಗೊಂಡಿತು. ಬಡಗಿಯ ವಿವೇಕವು ವಾಹನದ ಹಿಂಭಾಗದಲ್ಲಿ ಮಾತ್ರ ಉಳಿಯಿತು.

ಮುಖವನ್ನೂ ಇಲ್ಲಿಯೇ ಮಾಡಬೇಕೆಂಬ ಹಂಬಲ ಕನ್ನಡಿಗರಲ್ಲಿ ಇರಲಿಲ್ಲವೆಂದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದು ಮೋಟಾರು ಉದ್ಯಮದ ಯೋಜನೆಯನ್ನು ಸಿದ್ಧಗೊಳಿಸಿದರು. ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಕಾರವನ್ನು ಪಡೆದರು. ಮೈಸೂರು ಸಂಸ್ಥಾನವು ಬೆಂಬಲಕ್ಕೆ ನಿಂತಿತು. ಆದರೆ ಯುದ್ಧಕಾಲದ ಭಾರತ ಸರ್ಕಾರವು ನೆರವು ನೀಡಲಿಲ್ಲ. ಬೆಂಗಳೂರಿಗೆ 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ ದೊರೆಯಿತು. ಮೋಟಾರಿನ ಕಾರ್ಖಾನೆ ಮುಂಬಯಿಯ ಪಾಲಾಗಿ, 1947ರಲ್ಲಿ ಕುರ್ಲಾದಲ್ಲಿ ಕೆಲಸವನ್ನಾರಂಭಿಸಿತು. ಅಲ್ಲಿಂದ ಹೊರಟುದೂ ಡಾಡ್ಜ್, ಪ್ಲಿಮತ್ ಎಂಬ ಪರದೇಶದ ರೂಪಗಳೇ.

1953ರಲ್ಲಿ ಸರ್ಕಾರವು ಬರಿಯ ಜೋಡಣೆ ಸಾಲದು, ಭಾಗಗಳನ್ನೂ ಇಲ್ಲಿಯೇ ಮಾಡಬೇಕೆಂದು ವಿಧಿಸಲು, ಜನರಲ್ ಮೋಟರ್ಸ್ 1954ರಲ್ಲಿ ತನ್ನ ಕೆಲಸವನ್ನು ನಿಲ್ಲಿಸಿತು. ಭಾಗಗಳ ತಯಾರಿಕೆ ಭಾರತದಲ್ಲಿ ಬೇರೂರಿತು. ಇದು ಆ ನೀತಿಯ ಫಲ, ಅಲ್ಪವೆನ್ನಲಾಗದು. ಆದರೆ ರೂಪದ ವಿಷಯದಲ್ಲಿ ಯಾರೂ ವಿಧಿಯನ್ನು ಮಾಡಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ರೂಪವನ್ನು ಹೊತ್ತ ಅಂಬಾಸಡರ್ ಕಾರು 1950ರ ದಶಕದ ಕೊನೆಯಿಂದ 2014ರ ವರೆಗೆ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಹೊರಬರುತ್ತಲೇ ಇದ್ದಿತು. ಅಲ್ಲಿ ರೂಪವು ಕಾರಣವಿಲ್ಲದೆ ಬದಲಾಯಿತು. ಇಲ್ಲಿ ಕಾರಣವಿದ್ದರೂ ಬದಲಾಗಲಿಲ್ಲ. ಎರಡರಲ್ಲಿಯೂ ಬಳಸುವವನ ಮಾತನ್ನು ಕೇಳುವವರಿರಲಿಲ್ಲ.

ಜನರಲ್ ಮೋಟರ್ಸ್ 2003ರಲ್ಲಿ ಬೆಂಗಳೂರಿನಲ್ಲಿ ತಾಂತ್ರಿಕ ಕೇಂದ್ರವನ್ನು ತೆರೆಯಿತು. ಬಳಿಕ ವಾಹನದ ರೂಪವನ್ನು ಚಿಂತಿಸುವ ಶಾಖೆಯೂ ಅದರೊಡನೆ ಸೇರಿತು. ವಿಶ್ವೇಶ್ವರಯ್ಯನವರು ಬಯಸಿದ ನಗರದಲ್ಲಿ ಆ ಕಂಪನಿಯ ಕಾರ್ಖಾನೆ ಬಾರದೆ ರೂಪಶಾಲೆ ಬಂದುದು ಚರಿತ್ರೆಯ ವೈಚಿತ್ರ್ಯ. ಆದರೆ ಆ ಕಂಪನಿಯು 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಕೈ ಇಲ್ಲಿಯದಾದರೂ ಕೇಳುವವನು ಇಲ್ಲಿಯವನಲ್ಲದಿದ್ದರೆ ರೂಪವು ಈ ನೆಲದ್ದಾಗದು.

ಬಡಿಗೇರನ ಕಾಲವೇ ಉತ್ತಮವಾಗಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ಚಕ್ಕಡಿಯ ಭಾರ ಎತ್ತಿನ ಹೆಗಲನ್ನು ಸವೆಯಿಸಿತು. ಸಿಂದಗಿಯ ರೋಗಿಯನ್ನು ಹೊತ್ತಿಗೆ ಸರಿಯಾಗಿ ವಿಜಾಪುರಕ್ಕೆ ತಲುಪಿಸಬಲ್ಲುದು ಮೋಟಾರೇ ಹೊರತು ಚಕ್ಕಡಿಯಲ್ಲ. ಸಿದ್ಧವಾಗುವುದಿಷ್ಟು: ಅಮೆರಿಕದ ಗಾಡಿಯ ಬಡಗಿಯ ಮಗನು ಕಾರ್ಖಾನೆಯ ಒಳಗೆ ಹೋಗಿ ಮಣ್ಣಿನಲ್ಲಿ ಕಾರನ್ನು ತಿದ್ದಿದನು; ಎರೆಯ ನೆಲವನ್ನು ಬಲ್ಲ ಬಡಿಗೇರನ ಮಗನಿಗೆ ಆ ಬಾಗಿಲು ತೆರೆಯಲಿಲ್ಲ. ಕೌಶಲದ ಕೊರತೆ ಇದಕ್ಕೆ ಕಾರಣವಲ್ಲವೆಂಬುದಕ್ಕೆ ಅವನು ಕಟ್ಟಿದ ಗಾಲಿಯೇ ಸಾಕ್ಷಿ.