28ಕ್ಕಿಂತ 29 ದೊಡ್ಡದೇ? ಗೇರಿಲ್ಲದ ದೊಡ್ಡ ಗಾಲಿಯ ಸೈಕಲ್ಲು, ಅದರ ಫ್ರೇಮಿನ ಕಥೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಅಜ್ಜನ ಕಾಲದ ಕಪ್ಪು ಸೈಕಲ್ಲಿನ ಗಾಲಿ 28 ಇಂಚು. ಈಗ ತಾಲ್ಲೂಕು ಪೇಟೆಯ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲಿಸಿರುತ್ತಾರಲ್ಲ, ದಪ್ಪ ಟೈರಿನ, ಗೇರಿಲ್ಲದ ಮೌಂಟನ್ ಬೈಕು, ಅದರ ಮೇಲೆ 29 ಎಂದು ಬರೆದಿರುತ್ತದೆ. ಎರಡರಲ್ಲಿ ಯಾವುದರ ರಿಮ್ ದೊಡ್ಡದು?

29 ಎನ್ನುವವರೇ ಜಾಸ್ತಿ. ಉತ್ತರ ಉಲ್ಟಾ. ಟೈರು ಕೂರುವ ಜಾಗದಲ್ಲಿ ಅಳೆದರೆ ಹಳೇ 28ರ ರಿಮ್ 635 ಮಿ.ಮೀ., ಹೊಸ 29ರದು 622 ಮಿ.ಮೀ. ಹೆಸರಿನಲ್ಲಿ ಒಂದು ಇಂಚು ಮುಂದಿರುವುದು ರಿಮ್ಮಿನಲ್ಲಿ ಅರ್ಧ ಇಂಚು ಹಿಂದೆ. ಟೈರು ದಪ್ಪಗಿರುವುದರಿಂದ ಹೊರಸುತ್ತು ದೊಡ್ಡದಾಗಿದೆ, ಅಷ್ಟೆ. ಹಾಗಾಗಿ ಊರಿನ ಪಂಕ್ಚರ್ ಅಂಗಡಿಯಲ್ಲಿ ನೇತಾಡುವ 28ರ ಟೈರನ್ನು 29ಕ್ಕೆ ಹಾಕಲು ಬರುವುದಿಲ್ಲ.

ಸುಮಾರು ಹತ್ತು ಸಾವಿರ ರೂಪಾಯಿ ಕೊಟ್ಟು ಮನೆಗೆ ತರುವ ವಸ್ತು ಇದು. ಹಾಲಿನ ದುಡ್ಡೋ, ಮೆಣಸಿನಕಾಯಿ ಮಾರಿದ ದುಡ್ಡೋ ಅದರಲ್ಲಿ ಸೇರಿರುತ್ತದೆ. ಯಾವ ಕಂಪನಿಯದು ಕೊಳ್ಳಬೇಕು ಎಂದು ನಾವು ಹೇಳುವುದಿಲ್ಲ. ಒಂದೇ ಗೇರು, ದೊಡ್ಡ ಗಾಲಿ, ಕಲ್ಲುದಾರಿ, ಈ ಮೂರಕ್ಕೂ ಒಗ್ಗುವ ಫ್ರೇಮ್ ಹೇಗೆ ಹುಟ್ಟಿತು, ಹೇಗೆ ಕಳೆದುಹೋಯಿತು, ಮತ್ತೆ ಹೇಗೆ ಬಂತು ಎಂಬುದನ್ನು ಹೇಳುತ್ತೇವೆ. ಅದು ತಿಳಿದರೆ ಅಂಗಡಿಯಲ್ಲಿ ಬಣ್ಣ ಬಿಟ್ಟು ಬೇರೆಲ್ಲಿ ನೋಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಗಾಲಿಯೇ ಗೇರಾಗಿದ್ದ ಕಾಲ

1870ರ ದಶಕದ ಇಂಗ್ಲೆಂಡಿನಲ್ಲಿ ಸೈಕಲ್ಲೆಂದರೆ ಮುಂದೆ ಆಳೆತ್ತರದ ಗಾಲಿ, ಹಿಂದೆ ಚಿಕ್ಕದೊಂದು ಗಾಲಿ. ಚೈನು ಇರಲಿಲ್ಲ. ಪೆಡಲು ನೇರವಾಗಿ ಮುಂದಿನ ಗಾಲಿಯ ಅಚ್ಚಿಗೇ ಜೋಡಿಸಿರುತ್ತಿತ್ತು. ಪೆಡಲು ಒಂದು ಸುತ್ತು, ಗಾಲಿಯೂ ಒಂದು ಸುತ್ತು. ಜೋರಾಗಿ ಹೋಗಬೇಕೆಂದರೆ ಗಾಲಿಯನ್ನು ದೊಡ್ಡದು ಮಾಡುವುದೊಂದೇ ದಾರಿ. ಕಾಲು ಎಷ್ಟು ಉದ್ದವೋ ಅಷ್ಟು ದೊಡ್ಡ ಗಾಲಿ. ಬಿದ್ದರೆ ತಲೆ ಮುಂದಾಗಿ ಬೀಳುತ್ತಿದ್ದರು.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ ತಂದ. ಪೆಡಲು ನಡುವೆ, ಚೈನು ಹಿಂದಿನ ಗಾಲಿಗೆ. ಮುಂದೆ ಹೆಚ್ಚು ಹಲ್ಲು, ಹಿಂದೆ ಕಡಿಮೆ ಹಲ್ಲು ಇಟ್ಟರೆ ಚಿಕ್ಕ ಗಾಲಿಯೂ ದೊಡ್ಡ ಗಾಲಿಯಷ್ಟೇ ದೂರ ಹೋಗುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಇವತ್ತಿನ ಸೈಕಲ್ಲಿನ ಅಸ್ಥಿಪಂಜರ ಅಲ್ಲಿಗೆ ತಯಾರಾಯಿತು.

ಆದರೆ ಹಳೇ ಲೆಕ್ಕ ಹೋಗಲಿಲ್ಲ. ಇವತ್ತಿಗೂ ಗೇರು ಎಷ್ಟು ಭಾರ ಎಂದು ಅಳೆಯುವುದು ಆ ಎತ್ತರದ ಗಾಲಿಯ ಇಂಚಿನಲ್ಲೇ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಗಾಲಿಯ ಇಂಚಿನಿಂದ ಗುಣಿಸಿ. ಮನೆಯ ಹಳೇ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲು ಎಂದಿಟ್ಟುಕೊಳ್ಳಿ. 28 ಇಂಚಿನ ಗಾಲಿಗೆ ಲೆಕ್ಕ ಹಾಕಿದರೆ 68 ಬರುತ್ತದೆ. ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ಸಪಾಟು ರಸ್ತೆಗೆ ಇದು ಚೆನ್ನ, ದಿಬ್ಬಕ್ಕೆ ಇಳಿದು ನೂಕಬೇಕು. ನೂಕಿದ್ದೇವೆ ಕೂಡ, ಹಿಂದೆ ಹಿಟ್ಟಿನ ಚೀಲ ಕಟ್ಟಿಕೊಂಡು.

ಹಿಂದಿನ ಸೀಳು

ಈಗ ಫ್ರೇಮಿನ ಆ ಜಾಗಕ್ಕೆ ಬರೋಣ. ಅಜ್ಜನ ಸೈಕಲ್ಲಿನ ಹಿಂದಿನ ಗಾಲಿಯ ಅಚ್ಚು ಎಲ್ಲಿ ಕೂರುತ್ತದೆ ನೋಡಿ. ಅಲ್ಲಿ ಹಿಂದಕ್ಕೆ ಬಾಯಿ ತೆರೆದ ಒಂದು ಉದ್ದನೆಯ ಸೀಳು ಇರುತ್ತದೆ. ಚೈನು ಸವೆದು ಉದ್ದವಾದಾಗ ಮೇಸ್ತ್ರಿ ನಟ್ಟು ಸಡಿಲಿಸಿ, ಗಾಲಿಯನ್ನು ಹಿಂದಕ್ಕೆ ಎಳೆದು, ಮತ್ತೆ ಬಿಗಿ ಮಾಡುತ್ತಾನೆ. ಐದು ನಿಮಿಷದ ಕೆಲಸ.

ಗೇರಿಲ್ಲದ ಸೈಕಲ್ಲಿನ ಜೀವ ಇರುವುದು ಈ ಸೀಳಿನಲ್ಲೇ. ಗೇರಿನ ಸೈಕಲ್ಲಿಗೆ ಇದು ಬೇಕಾಗಿಲ್ಲ. ಅದರ ಕೆಳಗೆ ನೇತಾಡುವ ಸ್ಪ್ರಿಂಗಿನ ಕೈ ಚೈನಿನ ಸಡಿಲವನ್ನು ತಾನೇ ಎಳೆದು ಹಿಡಿಯುತ್ತದೆ. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯ ಟೂರ್ ಡಿ ಫ್ರಾನ್ಸ್‌ನಲ್ಲಿ ಇಂಥ ಗೇರಿಗೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಹಿಂದಿನ ಗಾಲಿಯ ಎರಡೂ ಕಡೆ ಬೇರೆ ಬೇರೆ ಹಲ್ಲಿನ ಚಕ್ರ ಇಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಗಾಲಿ ತೆಗೆದು ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೇರು ಬಂದ ಮೇಲೆ ಅಚ್ಚು ಅಲುಗಾಡದೆ ಒಂದೇ ಕಡೆ ನಿಲ್ಲುವುದು ಮುಖ್ಯವಾಯಿತು. ಬರಬರುತ್ತಾ ಸೀಳಿನ ಬಾಯಿ ಹಿಂದಕ್ಕಿದ್ದದ್ದು ನೇರ ಕೆಳಕ್ಕೆ ತಿರುಗಿತು. ಗಾಲಿ ಹಾಕಿದರೆ ಒಂದೇ ಜಾಗ. ಎಳೆಯಲು ಆಗುವುದಿಲ್ಲ.

ನಮ್ಮ ದೇಶದಲ್ಲಿ ಆ ಹಳೇ ಸೀಳು ಹೋಗಲೇ ಇಲ್ಲ. ಇಂಗ್ಲೆಂಡಿನ ರೋಡ್‌ಸ್ಟರ್ ಮಾದರಿಯನ್ನೇ ಇಲ್ಲಿ ಮಾಡತೊಡಗಿದರು. 1949ರಲ್ಲಿ ಮದ್ರಾಸಿನಲ್ಲಿ ಹರ್ಕ್ಯುಲಿಸ್ ಮಾಡುವ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಗಾಲಿ 28, ಗೇರು ಒಂದು, ಹಿಂದೆ ಸೀಳು, ಮುಂದಿನ ಫೋರ್ಕು ಚೆನ್ನಾಗಿ ಮುಂದಕ್ಕೆ ಮಲಗಿದ್ದು. ಮಲಗಿದ ಫೋರ್ಕು ಹೊಂಡ ಬಿದ್ದಾಗ ಕೈಗೆ ಕಡಿಮೆ ಹೊಡೆಯುತ್ತದೆ, ಇಳಿಜಾರಿನಲ್ಲಿ ಹ್ಯಾಂಡಲ್ ನೆಟ್ಟಗಿರುತ್ತದೆ. ಇವತ್ತು ಲಕ್ಷಗಟ್ಟಲೆ ಬೆಲೆಯ ಮೌಂಟನ್ ಬೈಕುಗಳ ಹ್ಯಾಂಡಲ್ ಕೊಳವೆ 65–66 ಡಿಗ್ರಿಗೆ ಬಂದು ನಿಂತಿದೆ. ರೋಡ್‌ಸ್ಟರು ನೂರು ವರ್ಷದಿಂದ ಅದರ ಅಕ್ಕಪಕ್ಕದಲ್ಲೇ ಇತ್ತು.

ಕ್ಯಾಲಿಫೋರ್ನಿಯಾದ ಗುಡ್ಡ

ಹಾಗಾದರೆ ಮೌಂಟನ್ ಬೈಕಿನ ಗಾಲಿ 26 ಇಂಚಿಗೆ ಇಳಿದದ್ದು ಹೇಗೆ? ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದು ಅದು.

1933ರಲ್ಲಿ ಅಮೆರಿಕದ ಶ್ವಿನ್ ಕಂಪನಿ ಹುಡುಗರ ಸೈಕಲ್ಲಿಗೆ 26 ಇಂಚಿನ ದಪ್ಪ ಬಲೂನ್ ಟೈರು ಹಾಕಿ ಮಾರಿತು. ಪೇಪರ್ ಹಾಕುವ ಹುಡುಗರು ಓಡಿಸಿ ಬಿಟ್ಟ ಆ ಸೈಕಲ್ಲುಗಳು 1970ರ ದಶಕದ ಹೊತ್ತಿಗೆ ಗುಜರಿ ಬೆಲೆಗೆ ಸಿಗುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮರಿನ್ ಕೌಂಟಿಯ ಯುವಕರು ಅವನ್ನು ತಂದು, ಮಡ್‌ಗಾರ್ಡು ಕಿತ್ತು, ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ಪಂದ್ಯವೇ ಶುರುವಾಯಿತು. ಸುಮಾರು ಮೂರು ಕಿಲೋಮೀಟರು ದಾರಿ, ನಾನೂರು ಮೀಟರಿನಷ್ಟು ಇಳಿತ. ಬ್ರೇಕು ಇದ್ದದ್ದು ಹಿಂದಿನ ಹಬ್ಬಿನೊಳಗೆ, ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಒಂದು ಸಲ ಇಳಿದರೆ ಹಬ್ಬಿನ ಗ್ರೀಸ್ ಬಿಸಿಗೆ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು. ಅದಕ್ಕೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು.

ಗಮನಿಸಿ, ಆ ಶ್ವಿನ್ ಸೈಕಲ್ಲುಗಳೂ ಹುಟ್ಟುವಾಗ ಒಂದೇ ಗೇರಿನವು. ಹತ್ತಲು ಕಷ್ಟ ಎಂದು ಗ್ಯಾರಿ ಫಿಶರ್ ಮತ್ತಿತರರು ಗೇರು ಕಟ್ಟಿದರು. 1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಬೆಸೆದ. ಅವನ ಮೊದಲ ಸೈಕಲ್ಲು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1979ರಲ್ಲಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಸೇರಿ, ಟಾಮ್ ರಿಚಿ ಮಾಡಿಕೊಟ್ಟ ಫ್ರೇಮುಗಳಿಂದ ವ್ಯಾಪಾರ ತೆರೆದರು. 1981ರಲ್ಲಿ ‘ಸ್ಟಂಪ್‌ಜಂಪರ್’ ಕಾರ್ಖಾನೆಯಿಂದ ಹೊರಬಂತು. ಎಲ್ಲದಕ್ಕೂ 26ರ ಗಾಲಿಯೇ. ದಪ್ಪ ಟೈರು ಆ ಅಳತೆಯಲ್ಲಿ ಮಾತ್ರ ಸುಲಭವಾಗಿ ಸಿಗುತ್ತಿತ್ತು, ಅದೇ ಕಾರಣ.

ದೊಡ್ಡ ಗಾಲಿಗೆ ಆಗಲೇ ಒಂದು ಅವಕಾಶ ಬಂದಿತ್ತು. ಇಂಗ್ಲೆಂಡಿನ ಜೆಫ್ ಆ್ಯಪ್ಸ್ ಎಂಬಾತ ಫಿನ್‌ಲ್ಯಾಂಡಿನಿಂದ ಹಿಮಕ್ಕೆಂದು ಮಾಡಿದ ದಪ್ಪ, ದೊಡ್ಡ ಅಳತೆಯ ಟೈರು ತರಿಸಿ ಕೆಸರುದಾರಿಯ ಸೈಕಲ್ ಮಾಡುತ್ತಿದ್ದ. ಕ್ಯಾಲಿಫೋರ್ನಿಯಾಕ್ಕೂ ಒಂದಿಷ್ಟು ಕಳಿಸಿದ. ಆ ಟೈರು ಮಾಡುತ್ತಿದ್ದ ಕಂಪನಿ ನೋಕಿಯಾ. ಹೌದು, ನಮ್ಮ ಕೈಯಲ್ಲಿದ್ದ 1100 ಫೋನಿನ ಅದೇ ನೋಕಿಯಾ, ಮೊದಲು ರಬ್ಬರಿನ ಬೂಟು, ಟೈರು ಮಾಡುತ್ತಿತ್ತು. ಆದರೆ ಟೈರು ಬೇಕಾದಷ್ಟು ಬರಲಿಲ್ಲ. ಬಂದಿದ್ದರೆ ಮೌಂಟನ್ ಬೈಕಿನ ಗಾಲಿ ಅವತ್ತೇ ದೊಡ್ಡದಾಗುತ್ತಿತ್ತೇನೋ.

ಮತ್ತೆ ದೊಡ್ಡ ಗಾಲಿ, ಮತ್ತೆ ಒಂದೇ ಗೇರು

1999ರಲ್ಲಿ ಡಬ್ಲ್ಯು.ಟಿ.ಬಿ. ಕಂಪನಿ 622 ರಿಮ್ಮಿಗೆ ಕೂರುವ, ಎರಡು ಇಂಚಿಗಿಂತ ದಪ್ಪನೆಯ ‘ನ್ಯಾನೊರ‍್ಯಾಪ್ಟರ್’ ಟೈರು ತಂದಿತು. ಹೊರಸುತ್ತು 29 ಇಂಚಿನ ಹತ್ತಿರ ಬಂದದ್ದರಿಂದ ಆ ಹೆಸರೇ ನಿಂತಿತು. ಮೊದಲು ನಕ್ಕವರೇ ಹೆಚ್ಚು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ 29ರ ಮೇಲೆ ಚಿನ್ನ ಗೆದ್ದಾಗ ನಗುವವರು ಉಳಿದಿರಲಿಲ್ಲ.

ಒಂದೇ ಗೇರಿನವರು ಈ ಗಾಲಿಯನ್ನು ಬೇಗ ಅಪ್ಪಿಕೊಂಡರು. ಕಾರಣ ಸರಳ. ಗೇರಿಲ್ಲದವನ ಬಂಡವಾಳವೆಂದರೆ ಓಟ. ಕಲ್ಲಿಗೆ ಬಡಿದು ಓಟ ನಿಂತರೆ ಹಗುರ ಗೇರಿಗೆ ಇಳಿಯಲು ಅವನಿಗೆ ದಾರಿಯಿಲ್ಲ. ದೊಡ್ಡ ಗಾಲಿ ಅದೇ ಕಲ್ಲನ್ನು ಕಡಿಮೆ ಕೋನದಲ್ಲಿ ಮುಟ್ಟಿ ಹತ್ತಿ ಹೋಗುತ್ತದೆ. ಎತ್ತಿನ ಗಾಡಿಯ ಗಾಲಿ ಅಷ್ಟು ದೊಡ್ಡದೇಕೆ ಎಂದು ಯಾರಿಗೂ ವಿವರಿಸಬೇಕಿಲ್ಲ ತಾನೆ? ನಷ್ಟವೂ ಇದೆ. ದೊಡ್ಡ ಗಾಲಿ ಭಾರ, ನಿಂತಲ್ಲಿಂದ ಹೊರಡಲು ನಿಧಾನ.

ಆದರೆ ಆಗ ಸಿಗುತ್ತಿದ್ದ ಫ್ರೇಮುಗಳಿಗೆ ಹಿಂದಿನ ಸೀಳು ಇರಲಿಲ್ಲ! ಗೇರಿಗೆಂದು ಮಾಡಿದವು. ಆಗ 2002ರಲ್ಲಿ ಅಮೆರಿಕದ ಮಿನ್ನೆಸೋಟಾದ ಸರ್ಲಿ ಕಂಪನಿ ‘ಕರಾಟೆ ಮಂಕಿ’ ಎಂಬ ಉಕ್ಕಿನ ಫ್ರೇಮ್ ತಂದಿತು. 29ರ ಗಾಲಿಗೆ ಜಾಗ, ಹಿಂದಕ್ಕೆ ಬಾಯಿ ತೆರೆದ ಉದ್ದನೆಯ ಸೀಳು. ಬೇಕಾದರೆ ಗೇರೂ ಕಟ್ಟಬಹುದು. ಅಟ್ಲಾಸ್ ರಿಪೇರಿ ಮಾಡಿದ ಯಾವ ಮೇಸ್ತ್ರಿಗೂ ಅದರ ಹಿಂಭಾಗ ಹೊಸದಾಗಿ ಕಾಣುವುದಿಲ್ಲ.

ಮೊದಮೊದಲ 29ರ ಫ್ರೇಮುಗಳಿಗೆ ಬೇರೆ ರೋಗಗಳಿದ್ದವು. ಗಾಲಿಗೆ ಜಾಗ ಮಾಡಲು ಹಿಂಭಾಗ ಉದ್ದವಾಯಿತು, ತಿರುವಿನಲ್ಲಿ ಎಮ್ಮೆಯ ಹಾಗೆ ತಿರುಗುತ್ತಿತ್ತು. ಕುಳ್ಳಗಿನವರಿಗೆ ಹ್ಯಾಂಡಲ್ ತಿರುಗಿಸಿದರೆ ಮುಂದಿನ ಗಾಲಿ ಕಾಲ್ಬೆರಳಿಗೆ ತಾಗುತ್ತಿತ್ತು. ಗ್ಯಾರಿ ಫಿಶರ್ ಹೆಸರಿನ ಸೈಕಲ್ಲುಗಳಲ್ಲಿ ಫೋರ್ಕಿನ ಅಚ್ಚನ್ನು 51 ಮಿ.ಮೀ.ವರೆಗೆ ಮುಂದಕ್ಕೆ ತಂದ ಮೇಲೆ ಹ್ಯಾಂಡಲ್ ಹಗುರವಾಯಿತು. ಒಂದು ಲಾಭವೂ ಸಿಕ್ಕಿತು. ಗಾಲಿಯ ಅಚ್ಚು ಮೇಲೇರಿ ಪೆಡಲಿನ ಅಚ್ಚು ಅದಕ್ಕಿಂತ ಸಾಕಷ್ಟು ಕೆಳಗೆ ಉಳಿದದ್ದರಿಂದ ಸವಾರ ಸೈಕಲ್ಲಿನ ಮೇಲೆ ಕೂತಂತಲ್ಲ, ಒಳಗೆ ಕೂತಂತಾಯಿತು.

ಅಂಗಡಿಯಲ್ಲಿ

ಅಂಗಡಿಯವರು ‘29ಟಿ’ ಎನ್ನುತ್ತಾರೆ. ಅದು ಟೈರಿನ ಅಳತೆ, ಫ್ರೇಮಿನದಲ್ಲ. ‘ಹುಡುಗ ಎತ್ತರ ಇದ್ದಾನೆ, 29 ಕೊಡಿ’ ಎಂಬ ಮಾತು ಅರ್ಧ ಸರಿ. ಒಂದೇ 29ರ ಗಾಲಿಗೆ ಚಿಕ್ಕ ಫ್ರೇಮೂ ಇರುತ್ತದೆ, ದೊಡ್ಡದೂ ಇರುತ್ತದೆ. ನಾವೆಲ್ಲ ಒಳಪೆಡಲ್ ಹೊಡೆದು ಕಲಿತದ್ದು ಫ್ರೇಮ್ ನಮಗಿಂತ ದೊಡ್ಡದಿದ್ದದ್ದರಿಂದಲೇ. ನಡುವಿನ ಕೊಳವೆಯ ಎರಡೂ ಕಡೆ ಕಾಲಿಟ್ಟು ನಿಲ್ಲಿ, ಎರಡು ಬೆರಳಾದರೂ ಜಾಗ ಉಳಿಯಬೇಕು. ಪೆಡಲು ಮುಂದಿಟ್ಟು ಹ್ಯಾಂಡಲ್ ತಿರುಗಿಸಿ ಕಾಲ್ಬೆರಳು ತಾಗುತ್ತದೆಯೇ ನೋಡಿ.

ಆಮೇಲೆ ಸೈಕಲ್ಲಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂರಿ. ಅಚ್ಚು ಉದ್ದನೆಯ ಸೀಳಿನಲ್ಲಿದೆಯೇ? ಒಳ್ಳೆಯದು. ಸೀಳು ಇಲ್ಲದೆ ಅಚ್ಚು ಹಿಡಿದ ತುಂಡೇ ಬೋಲ್ಟಿನಿಂದ ಹಿಂದೆ ಮುಂದೆ ಜರುಗುತ್ತದೆಯೇ? ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಇದು ಇನ್ನೂ ಒಳ್ಳೆಯದು, ಏಕೆಂದರೆ ಬ್ರೇಕೂ ಅದರ ಜೊತೆಗೇ ಜರುಗುತ್ತದೆ. ಬರೀ ಸೀಳಿದ್ದರೆ ಚೈನು ಎಳೆದಾಗಲೆಲ್ಲ ಬ್ರೇಕನ್ನೂ ಸರಿಮಾಡಬೇಕು. ಕೆಲವು ದುಬಾರಿ ಫ್ರೇಮುಗಳಲ್ಲಿ ಪೆಡಲಿನ ಅಚ್ಚೇ ಓರೆಯಾಗಿ ಕೂತು, ತಿರುಗಿಸಿದರೆ ಚೈನು ಬಿಗಿಯಾಗುತ್ತದೆ. ಮಣ್ಣು ನೀರು ಸೇರಿದರೆ ಅದು ಕಿರುಗುಟ್ಟುತ್ತದೆ, ನಮಗೆ ಅಷ್ಟು ಇಷ್ಟವಿಲ್ಲ. ಅಚ್ಚು ಕೆಳಬಾಯಿಯ ಸೀಳಿನಲ್ಲಿ ಒಂದೇ ಕಡೆ ಕೂತಿದ್ದು, ಚೈನು ಎಳೆಯುವ ಬೇರೆ ಸಾಧನವೂ ಇಲ್ಲದಿದ್ದರೆ ಅದು ಗೇರಿನ ಫ್ರೇಮಿಗೆ ಗೇರು ಹಾಕದೆ ಬಿಟ್ಟದ್ದು. ಚೈನು ಸವೆದ ದಿನದಿಂದ ಗುಂಡಿಗೊಮ್ಮೆ ಕಳಚುತ್ತದೆ.

ಉಕ್ಕೋ ಅಲ್ಯೂಮಿನಿಯಮ್ಮೋ? ಅಲ್ಯೂಮಿನಿಯಮ್ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಬಿರುಕು ಬಿಟ್ಟರೆ ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಸೈಕಲ್ಲಾದರೆ ನಮ್ಮ ಓಟು ಉಕ್ಕಿಗೆ. ಟೈರಿನ ವಿಷಯದಲ್ಲಿ ಒಂದು ಸಮಾಧಾನ: 28ರ ಟೈರು ಕೂರದಿದ್ದರೂ, ಹೈಬ್ರಿಡ್ ಸೈಕಲ್ಲಿನ 700ಸಿ ಎಂದು ಬರೆದ ಟೈರು ಅದೇ 622 ರಿಮ್ಮಿನದು. ತುಂಬಾ ಸಣ್ಣದಲ್ಲದಿದ್ದರೆ ಹಾಕಬಹುದು.

ಕೊನೆಗೆ ಹಲ್ಲು ಎಣಿಸಿ. 26ರ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 16 ಇದ್ದರೆ ಲೆಕ್ಕ 52. ಅದೇ ಹಲ್ಲು 29ಕ್ಕೆ ಹಾಕಿದರೆ 58, ದಿಬ್ಬದಲ್ಲಿ ಮೊಣಕಾಲಿಗೆ ಗೊತ್ತಾಗುತ್ತದೆ. ಹಿಂದೆ 18 ಮಾಡಿದರೆ ಮತ್ತೆ 52ರ ಹತ್ತಿರ. ಇನ್ನೂ ಏರುಮುಖದ ಊರಾದರೆ 20ರ ಫ್ರೀವೀಲ್ ಕೇಳಿ. 18 ತೆಗೆದು 20 ಹಾಕಿದರೆ ಅದೇ ಚೈನಿಗೆ ಹಿಂದಿನ ಅಚ್ಚು ಸುಮಾರು 6 ಮಿ.ಮೀ. ಮುಂದಕ್ಕೆ ಬರುತ್ತದೆ. ಸೀಳಿನಲ್ಲಿ ಅಷ್ಟು ಜಾಗ ಇದ್ದರೆ ಹೊಸ ಚೈನು ಕೊಳ್ಳಬೇಕಾಗಿಲ್ಲ.