ಕೂಡುವ ವರ್ಧಕದ ಕಥೆ

ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು ಸಾಂಗ್ಲಿಗೋ ವಿಜಾಪುರಕ್ಕೋ ಹೋಗಿ ಎಂಜಿನಿಯರಿಂಗ್ ಓದುವುದು ಈಗ ಅಪರೂಪವಲ್ಲ. ಅಂತಹ ಹಳೆಯ ಶಿಷ್ಯನೊಬ್ಬನು ಒಂದು ವಿಷಯದಲ್ಲಿ ಅನುತ್ತೀರ್ಣನಾಗಿ ರಜೆಗೆ ಬಂದಿದ್ದನು. "ಆಪರೇಶನಲ್ ಆಂಪ್ಲಿಫಾಯರ್ ಪೂರಾ ಬಾಯಿಪಾಠ ಮಾಡೀನ್ರಿ ಗುರುಗಳ, ಅದು ಏನಂತ ಮಾತ್ರ ತಿಳಿದಿಲ್ರಿ" ಎಂದನು. ಓದು ಬಿಡುವ ಮಾತನ್ನೂ ಆಡಿದನು. ನಾವು ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಕಲಿಸುವವರು. ಆದರೂ ಅವನ ಪುಸ್ತಕವನ್ನು ಇಸಿದುಕೊಂಡು, ಆ ವಸ್ತುವಿನ ಚರಿತ್ರೆಯನ್ನು ಹುಡುಕತೊಡಗಿದೆವು.

ಮೂಲವಿರುವುದು ೧೯೨೭ರಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬವನು ಹಡ್ಸನ್ ನದಿಯನ್ನು ದಾಟುತ್ತಿದ್ದಾಗ ಕೈಯಲ್ಲಿದ್ದ ವರ್ತಮಾನಪತ್ರದ ಮೇಲೆಯೇ ಒಂದು ಚಿತ್ರವನ್ನು ಗೀಚಿದನು. ವರ್ಧಕದಿಂದ ಹೊರಬಿದ್ದುದರ ಒಂದಂಶವನ್ನು ವಿರುದ್ಧವಾಗಿ ಒಳಕ್ಕೆ ಮರಳಿಸಿದರೆ ಅದರ ಬಲವು ಕುಗ್ಗುವುದು, ನಡೆಯು ಮಾತ್ರ ಸ್ಥಿರವಾಗುವುದು. ಖಿಲಾರಿ ಎತ್ತಿಗೆ ಮೂಗುದಾರ ಹಾಕಿದವರಿಗೆ ಇದು ಹೊಸ ಸಂಗತಿಯೇನಲ್ಲ! ಆದರೂ ೧೯೨೮ರಲ್ಲಿ ಅರ್ಜಿ ಹಾಕಿದ ಅವನಿಗೆ ಪೇಟೆಂಟು ದೊರೆತುದು ೧೯೩೭ರಲ್ಲಿ.

೧೯೪೧ರಲ್ಲಿ ಅದೇ ಪ್ರಯೋಗಾಲಯದ ಕಾರ್ಲ್ ಸ್ವಾರ್ಟ್ಸೆಲ್ ಸಂಕಲನ ಮಾಡುವ ವರ್ಧಕವನ್ನು ರಚಿಸಿದನು. ಯುದ್ಧಕಾಲದಲ್ಲಿ ಅದು ತೋಪಿನ ಗುರಿಯನ್ನು ಲೆಕ್ಕಹಾಕಿತು. ೧೯೪೭ರಲ್ಲಿ ರಗಾಜಿನಿ ಎಂಬ ಪ್ರಾಧ್ಯಾಪಕನ ಲೇಖನದಲ್ಲಿ ಈಗಿನ ಹೆಸರು ಬಂದಿತು. 'ಆಪರೇಶನ್' ಎಂದರೆ ಇಲ್ಲಿ ಶಸ್ತ್ರಕ್ರಿಯೆಯಲ್ಲ, ಗಣಿತಕ್ರಿಯೆ. ನಾವು ಪಾಟಿಯ ಮೇಲೆ ಕಲಿಸುವ ಕೂಡುವುದು, ಕಳೆಯುವುದೇ ಅದು.

ಆಗ ಅದು ನಿರ್ವಾತ ಕೊಳವೆಗಳ ಯಂತ್ರ. ಫಿಲ್‌ಬ್ರಿಕ್ಕನ ಪ್ರಸಿದ್ಧ ವರ್ಧಕಕ್ಕೆ ಧನ ೩೦೦, ಋಣ ೩೦೦ ವೋಲ್ಟು ಬೇಕಾಗಿತ್ತು. ೧೯೬೫ರಲ್ಲಿ ಬಾಬ್ ವಿಡ್ಲರನು ೭೦೯ನ್ನು ಸಿಲಿಕಾನ್ ಚೂರಿನ ಮೇಲೆ ರಚಿಸಿದನು. ಹೊರಗಿನಿಂದ ಕೆಪಾಸಿಟರು ಜೋಡಿಸದಿದ್ದರೆ ಅದು ತಾನಾಗಿಯೇ ತೂಗಾಡತೊಡಗುತ್ತಿತ್ತು. ೧೯೬೮ರಲ್ಲಿ ಡೇವ್ ಫುಲ್ಲಾಗರನು ೭೪೧ರಲ್ಲಿ ಆ ಕೆಪಾಸಿಟರನ್ನು ಒಳಗೇ ಇಟ್ಟನು. ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ೧೯೭೧ರಲ್ಲಿ ಇಂಟಿಗ್ರೇಟೆಡ್ ಸರ್ಕಿಟ್‌ಗಳ ತಯಾರಿಕೆಗೆ ವ್ಯವಸ್ಥೆ ಮಾಡಿಕೊಂಡಿತು.

ಕರಿಹಲಗೆಯ ಮೇಲೆ ಎರಡು ಸಮಾನ ರೋಧಕಗಳನ್ನು ಬರೆದು, ಒಂದಕ್ಕೆ ೨ ವೋಲ್ಟು, ಇನ್ನೊಂದಕ್ಕೆ ೩ ವೋಲ್ಟು ಕೊಟ್ಟೆವು. ಎರಡೂ ಸೇರುವ ಋಣದ್ವಾರವನ್ನು ವರ್ಧಕವು ಶೂನ್ಯದಲ್ಲಿಯೇ ಹಿಡಿದಿಡಬೇಕು. ಬಂದ ವಿದ್ಯುತ್ತಿಗೆ ಮರಳುದಾರಿಯ ರೋಧಕವೊಂದೇ ಗತಿ. ಅದೂ ಅಷ್ಟೇ ಬೆಲೆಯದಾದರೆ? ಹುಡುಗನು ನಮ್ಮ ಕೈಯಿಂದ ಖಡುವನ್ನು ತೆಗೆದುಕೊಂಡು, ಋಣ ೫ ಎಂದು ಬರೆದು, ಬಹಳ ಹೊತ್ತು ನೋಡುತ್ತ ನಿಂತನು. "ಅಂದ್ರ ಇದು ಮೂರನೇ ಇಯತ್ತೆ ಲೆಕ್ಕನ ಏನ್ರಿ?" ಎಂದನು.

ಮರುಪರೀಕ್ಷೆಯು ದೀಪಾವಳಿಯ ತರುವಾಯ ಇದೆ.